ಜನವರಿಯ ಸಭೆಯಲ್ಲಿ ಮಕ್ಕಳಿಲ್ಲ

ಬೇಸಿಗೆ ಶಿಬಿರ ನಡೆಯುವುದು ಏಪ್ರಿಲ್‌ನಲ್ಲಿ, ಅದು ನಿರ್ಧಾರವಾಗುವುದು ಜನವರಿಯಲ್ಲಿ. ಯಾರದೋ ಮನೆಯ ಜಗಲಿಯಲ್ಲೋ ಸಂಘದ ಕೋಣೆಯಲ್ಲೋ ಐದಾರು ಮಂದಿ ಸೇರುತ್ತಾರೆ. ಚಹಾ ಬರುತ್ತದೆ. ಎಷ್ಟು ದಿನ, ಯಾವ ಜಾಗ, ಬೆಳಿಗ್ಗೆ ಎಷ್ಟರಿಂದ ಎಷ್ಟರವರೆಗೆ, ಶುಲ್ಕ ಎಷ್ಟು, ಯಾವ ನಾಟಕ, ಯಾರ ನಿರ್ದೇಶನ, ಟೀ ಶರ್ಟಿನ ಬಣ್ಣ ಯಾವುದು, ಸಮಾರೋಪಕ್ಕೆ ಯಾರನ್ನು ಕರೆಯುವುದು ಎಂಬುದೆಲ್ಲ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಇಂಥ ಸಭೆಗಳಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೂತಿದ್ದೇನೆ. ಮೊದಲ ಹದಿನೇಳು ವರ್ಷ ಅಲ್ಲಿ ಒಂದು ಮಗುವೂ ಇರಲಿಲ್ಲ. ಇರಬೇಕಿತ್ತು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲೂ ಇಲ್ಲ.

ಹೊಳೆಯದಂತೆ ತಡೆದದ್ದು ಒಂದು ನಂಬಿಕೆ. ಮಕ್ಕಳ ಕಲೆಯ ಬಗ್ಗೆ ನಮ್ಮ ನಾಡಿನ ಸಜ್ಜನರೆಲ್ಲ ಒಪ್ಪಿಕೊಂಡಿರುವ ನಂಬಿಕೆ ಅದು. ಅದು ಎರಡು ಮಾತುಗಳಲ್ಲಿ ಕೇಳಿಸುತ್ತದೆ. ‘ಮಕ್ಕಳಿಗೇನು ಗೊತ್ತು, ನಾವು ಪ್ರೀತಿಯಿಂದ ಕಲಿಸಿದ್ದನ್ನು ಅವರು ಖುಷಿಯಿಂದ ಮಾಡುತ್ತಾರೆ’ ಎನ್ನುವುದು ಒಂದು. ‘ನಮ್ಮ ಬಾಗಿಲು ಎಲ್ಲರಿಗೂ ತೆರೆದಿದೆ, ಯಾರನ್ನೂ ಬೇಡ ಅಂದಿಲ್ಲ’ ಎನ್ನುವುದು ಇನ್ನೊಂದು. ಕೇಳಲು ಎರಡೂ ಒಳ್ಳೆಯ ಮಾತುಗಳೇ. ಎರಡೂ ಸುಳ್ಳು ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮೊದಲನೆಯದು ಸುಳ್ಳಾದ್ದರಿಂದಲೇ ಎರಡನೆಯದೂ ಸುಳ್ಳಾಗುತ್ತದೆ. ಯಾವ ಮಗು ಯಾಕೆ ಬರುತ್ತಿಲ್ಲ ಎಂಬುದು ಮಕ್ಕಳಿಗೆ ಗೊತ್ತು, ನಮಗೆ ಗೊತ್ತಿಲ್ಲ.

ನಮ್ಮ ಶಿಬಿರ ಹದಿನೇಳು ವರ್ಷ ಒಂದು ದೇವಸ್ಥಾನದ ಸಭಾಭವನದಲ್ಲಿ ನಡೆಯಿತು. ಬಾಡಿಗೆ ಇರಲಿಲ್ಲ, ಫ್ಯಾನು ಇತ್ತು, ಕುಡಿಯುವ ನೀರಿತ್ತು. ಊರಿನ ಪರಿಶಿಷ್ಟರ ಕಾಲೋನಿಯ ಮಕ್ಕಳಿಗೆ ಶುಲ್ಕ ಬೇಡ ಎಂದು ಕರಪತ್ರದಲ್ಲೇ ಅಚ್ಚು ಹಾಕಿಸಿದ್ದೆವು. ಆದರೂ ಅವರು ಬರುತ್ತಿರಲಿಲ್ಲ. ‘ಪಾಲಕರಿಗೆ ಆಸಕ್ತಿ ಇಲ್ಲ’ ಎಂದು ನಾವು ನಾವೇ ಹೇಳಿಕೊಂಡೆವು. ಹನ್ನೆರಡನೆಯ ವರ್ಷ ನಾನು ಕಾಲೋನಿಗೆ ಹೋಗಿ ಕೇಳಿದೆ. ದೊಡ್ಡವರು ‘ಕಳಿಸ್ತೀವಿ ಸಾರ್, ಕಳಿಸ್ತೀವಿ’ ಎಂದರು. ಏಳನೆಯ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ನಿಜ ಹೇಳಿದಳು: “ನಮ್ಮಮ್ಮ ಮದುವೆ ಊಟದ ಎಲೆ ಎತ್ತೋಕೆ ಅಲ್ಲಿಗೆ ಹಿಂದಿನ ಬಾಗಿಲಿಂದ ಹೋಗ್ತಾಳೆ. ನಾನು ಮುಂದಿನ ಬಾಗಿಲಿಂದ ಹೆಂಗೆ ಬರ್ಲಿ ಸಾರ್?”

ಆ ಮಾತಿನ ಮುಂದೆ ನಮ್ಮ ತೆರೆದ ಬಾಗಿಲು ನಿಲ್ಲಲಿಲ್ಲ. ಬಾಗಿಲು ತೆರೆದಿಡುವುದು ಸುಲಭ. ಆ ಬಾಗಿಲು ಯಾವ ಕಟ್ಟಡದ್ದು, ಅಲ್ಲಿ ಹಿಂದೆ ಯಾರನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದನ್ನು ಹನ್ನೆರಡು ವರ್ಷದ ಮಗು ಬಲ್ಲದು. ಸಭೆಯಲ್ಲಿ ಕೂತ ಆರು ಮಂದಿಯಲ್ಲಿ ಯಾರೂ ಆ ಹಿಂದಿನ ಬಾಗಿಲನ್ನು ನೋಡಿದವರಲ್ಲ, ಆದ್ದರಿಂದ ಜಾಗದ ವಿಷಯ ಎರಡು ನಿಮಿಷದಲ್ಲಿ ಮುಗಿದಿತ್ತು. ನಾಚಿಕೆಯಾಗುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಮಾತು ಕೇಳಿದ ಮೇಲೂ ಜಾಗ ಬದಲಿಸಲು ನಮಗೆ ಐದು ವರ್ಷ ಬೇಕಾಯಿತು. ‘ಉಚಿತ ಜಾಗ ಬಿಟ್ಟುಕೊಡುವುದೇ?’ ಎಂಬ ಒಂದೇ ಪ್ರಶ್ನೆ ಪ್ರತಿ ಜನವರಿಯೂ ಗೆದ್ದಿತು. ಆ ಹುಡುಗಿ ಸಭೆಯಲ್ಲಿ ಕೂತಿದ್ದರೆ ಅದು ಗೆಲ್ಲುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಏಕೆಂದರೆ ಹದಿನೆಂಟನೆಯ ವರ್ಷ ಮಕ್ಕಳನ್ನು ಸಭೆಗೆ ಕರೆದಾಗ ಅದು ಹದಿನೈದು ನಿಮಿಷದಲ್ಲಿ ಸೋತಿತು. ಶಿಬಿರ ಸರ್ಕಾರಿ ಶಾಲೆಯ ಅಂಗಳಕ್ಕೂ ಪಕ್ಕದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಬಂತು.

ಅದೇ ಸಭೆಯಲ್ಲಿ ನಾವು ಕೇಳಿಯೇ ಇರದ ಸಂಗತಿಗಳು ಒಂದರ ಹಿಂದೊಂದು ಬಂದವು. ಬೆಳಿಗ್ಗೆ ಹತ್ತರಿಂದ ಒಂದು ಎಂಬ ವೇಳೆ ನಮಗೆ ದೇವರು ಕೊಟ್ಟದ್ದು ಎಂಬಷ್ಟು ಖಚಿತವಾಗಿತ್ತು. ಅದು ಅನುಕೂಲವಾಗಿದ್ದುದು ಮನೆಯಲ್ಲಿ ಅಡುಗೆಗೆ, ಮಗು ನೋಡಿಕೊಳ್ಳಲು ಬೇರೆಯವರಿರುವ ಮಕ್ಕಳಿಗೆ. ರಜೆ ಎಂದರೆ ಕೂಲಿಗೆ ಹೋಗುವ ತಾಯಂದಿರ ದೊಡ್ಡ ಹೆಣ್ಣುಮಕ್ಕಳಿಗೆ ಮನೆಗೆಲಸದ ತಿಂಗಳು. ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿ ಎತ್ತಿಕೊಂಡೇ ಅವರು ಆಡಬೇಕು. ನಮ್ಮ ಕರಪತ್ರದಲ್ಲಿ ಒಂದು ಸಾಲಿತ್ತು: ಎಂಟು ವರ್ಷದ ಕೆಳಗಿನ ಮಕ್ಕಳನ್ನು ಕರೆತರಬಾರದು. ಶಿಸ್ತಿಗಾಗಿ ಬರೆದ ಸಾಲು ಅದು, ಆದರೆ ಅಷ್ಟೂ ಹುಡುಗಿಯರನ್ನು ಅದು ಹೊರಗೆ ನಿಲ್ಲಿಸಿತ್ತು. ಮಕ್ಕಳು ಕಂಡುಕೊಂಡ ಪರಿಹಾರ ಒಂದು ಚಾಪೆ, ನಾಲ್ಕು ಗಿಲಕಿ, ಸರದಿ ಪ್ರಕಾರ ಇಬ್ಬರು ಕಾವಲು. ಚಿಕ್ಕವರು ಚಾಪೆಯ ಮೇಲೆ ಆಡುತ್ತಿದ್ದರು, ಅಕ್ಕಂದಿರು ಹಲಗೆ ಬಡಿಯುತ್ತಿದ್ದರು. ಆ ವರ್ಷ ಬಂದ ಹುಡುಗಿಯರಲ್ಲಿ ಒಂಬತ್ತು ಮಂದಿ ಕಂಕುಳ ಮಗುವಿನೊಡನೆ ಬಂದವರು.

ಉಪವಾಸದ ಮಾತು ತೆಗೆದವನು ಉರ್ದು ಶಾಲೆಯ ಒಬ್ಬ ಹುಡುಗ. 2022 ಮತ್ತು 2023ರಲ್ಲಿ ರಂಜಾನ್ ಏಪ್ರಿಲ್‌ನಲ್ಲಿತ್ತು, ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಮಕ್ಕಳನ್ನು ಓಡಿಸಿ ಕುಣಿಸುತ್ತಿದ್ದೆವು, ಪಾನಕ ಹಂಚುತ್ತಿದ್ದೆವು. ಲಂಬಾಣಿ ತಾಂಡಾದ ಮಗು ಹೇಳಿದ್ದು ಭಾಷೆಯ ವಿಷಯ: “ನಾವು ಮಾತಾಡಿದ್ರೆ ನಗ್ತಾರೆ.” ರಂಗದ ಮೇಲೆ ಶುದ್ಧ ಕನ್ನಡ ಬೇಕು ಎಂಬ ನಮ್ಮ ಹಟಕ್ಕೆ ‘ಹ’ಕಾರ ‘ಅ’ಕಾರ ತಿದ್ದಿಸಿಕೊಂಡು ಬಾಯಿ ಮುಚ್ಚಿದ ಮಕ್ಕಳು ಎಷ್ಟು ಮಂದಿಯೋ. ‘ಹಾಲು’ ಎನ್ನಲು ಹೋಗಿ ‘ಆಲು’ ಎಂದ ಮಗುವಿನ ಮುಂದೆ ನಕ್ಕ ದೊಡ್ಡವರಲ್ಲಿ ನಾನೂ ಒಬ್ಬ. ಅದನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಹಿರಿಯ ಗೆಳೆಯರು ತಲೆಯಾಡಿಸುತ್ತಾರೆ. ಅವರ ವಾದವನ್ನು ಅದರ ಪೂರ್ತಿ ಬಲದೊಡನೆಯೇ ಎದುರಿಸಬೇಕು. ಕಲೆ ಎಂದರೆ ಕಲಿಕೆ, ಕಲಿಕೆಗೆ ಗುರು ಬೇಕು, ಗುರುವಿನ ಮುಂದೆ ಶಿಷ್ಯನ ಇಷ್ಟಾನಿಷ್ಟಕ್ಕೆ ಜಾಗವಿಲ್ಲ ಎನ್ನುತ್ತಾರೆ ಅವರು. ಚಂಡೆಯ ಪೆಟ್ಟನ್ನು ಮತ ಹಾಕಿ ನಿರ್ಧರಿಸುತ್ತೀರಾ, ಏಕತಾಳ ತ್ರಿವುಡೆಯನ್ನು ಮಕ್ಕಳ ಸಮಿತಿ ತಿದ್ದುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ, ಖಂಡಿತ ಇಲ್ಲ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದೆ, ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟುತ್ತಿದ್ದಾರೆ. ಅಲ್ಲಿ ಹೆಜ್ಜೆ ತಪ್ಪಿದರೆ ಗುರು ತಿದ್ದಲೇಬೇಕು. ನನ್ನ ತಕರಾರು ಹೆಜ್ಜೆಯ ಬಗ್ಗೆ ಇಲ್ಲ. ತರಗತಿ ಯಾವ ಹೊತ್ತಿಗೆ, ಯಾವ ಅಂಗಳದಲ್ಲಿ, ಯಾರ್ಯಾರು ಸೇರಿ, ಯಾವ ಪ್ರಸಂಗಕ್ಕೆ, ಕೊನೆಗೆ ಯಾರ ಮುಂದೆ ಆಟ ಎಂಬುದೇ ನನ್ನ ವಿಷಯ. ತಾಳ ಪರಂಪರೆಯದು, ವೇಳಾಪಟ್ಟಿ ಪರಂಪರೆಯದಲ್ಲ. ಜನವರಿಯ ಸಭೆಯಲ್ಲಿ ನಾವು ತೀರ್ಮಾನಿಸಿದ ಹತ್ತು ಸಂಗತಿಗಳಲ್ಲಿ ಒಂಬತ್ತಕ್ಕೆ ಗುರುವಿನ ವಿದ್ಯೆಯ ಅಗತ್ಯವೇ ಇರಲಿಲ್ಲ. ನಮ್ಮ ಅನುಕೂಲವನ್ನು ನಾವು ಗುರುಸ್ಥಾನದ ಮೇಲೆ ಕೂರಿಸಿದ್ದೆವು.

ಈ ನಾಡಿನಲ್ಲಿ ಮಕ್ಕಳ ಕಲೆಗಾಗಿ ದೊಡ್ಡ ಕೆಲಸ ಮಾಡಿದವರಿದ್ದಾರೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಆರಂಭಿಸಿದರು. ಕರಾವಳಿಗೆ ಸಾಲಿಗ್ರಾಮ ಮಕ್ಕಳ ಮೇಳ ಬಂತು, ಮೈಸೂರಿನ ರಂಗಾಯಣ ಬೇಸಿಗೆಗಳಲ್ಲಿ ಚಿಣ್ಣರ ಮೇಳ ನಡೆಸಿತು. ಅವರು ಎದುರಿಸಿದ್ದು ಬೇರೆಯೇ ಪ್ರಶ್ನೆ: ಓದು ಬರಹ ಬಿಟ್ಟು ಮಕ್ಕಳಿಗೆ ನಾಟಕ ಯಾಕೆ? ಆ ಪ್ರಶ್ನೆಯನ್ನು ಅವರು ಗೆದ್ದರು. ಇವತ್ತು ಏಪ್ರಿಲ್ ಬಂದರೆ ಬೀದಿಗೊಂದು ಶಿಬಿರದ ಬ್ಯಾನರು ಏಳುವುದು ಆ ಗೆಲುವಿನಿಂದಲೇ. ಆದರೆ ಗೆದ್ದ ಪ್ರಶ್ನೆಗೇ ಮತ್ತೆ ಮತ್ತೆ ಉತ್ತರ ಹೇಳುತ್ತ ಕೂತರೆ ಎದುರಿಗಿರುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಶಿಬಿರಕ್ಕೆ ಬಂದ ಮಕ್ಕಳಿಗೆ ನಾವು ಏನು ಕೊಟ್ಟೆವು ಎಂದು ಲೆಕ್ಕ ಹಾಕಿದ್ದು ಸಾಕು. ಬಾರದ ಮಕ್ಕಳ ಲೆಕ್ಕ ಯಾರ ಬಳಿ ಇದೆ?

‘ಮಕ್ಕಳಿಗೇನು ಗೊತ್ತು’ ಎನ್ನುವವರು ತಮ್ಮ ಊರನ್ನೇ ಸರಿಯಾಗಿ ನೋಡಿಲ್ಲ. ಮಳೆ ಕೈಕೊಟ್ಟ ವರ್ಷ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಕ್ಕಳು ಗುರ್ಜಿ ಆಡುತ್ತಾರೆ. ಹಂಚಿನ ಮೇಲೆ ಸಗಣಿಯ ಗುರ್ಜಿ ಇಟ್ಟು, ಗರಿಕೆ ಸಿಕ್ಕಿಸಿ, ಒಬ್ಬನ ತಲೆಯ ಮೇಲೆ ಹೊರಿಸಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮನೆಯವರು ಅವನ ಮೇಲೆ ನೀರು ಸುರಿದು ಹಿಟ್ಟೋ ಜೋಳವೋ ನೀಡುತ್ತಾರೆ. ಕೂಡಿದ್ದನ್ನು ಮಕ್ಕಳು ಬೇಯಿಸಿ ಉಣ್ಣುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡಿ ಆರತಿ ಹಿಡಿದು ಓಣಿ ಸುತ್ತುತ್ತಾರೆ. ಹೋಳಿಗೆ ಮುಂಚಿನ ವಾರವಿಡೀ ಕಟ್ಟಿಗೆ, ಕುಳ್ಳು ಕೂಡಿಸುವ ಹುಡುಗರ ಪಡೆಯನ್ನು ಯಾರು ಸಂಘಟಿಸುತ್ತಾರೆ? ಹೊತ್ತು, ಹಾದಿ, ಪಾತ್ರ ಹಂಚಿಕೆ, ಹಾಡು, ವೇಷ, ವಂತಿಗೆ, ಊಟ ಎಲ್ಲವನ್ನೂ ಮಕ್ಕಳೇ ನಿರ್ಧರಿಸುತ್ತಾರೆ. ಯಾವ ಇಲಾಖೆಯ ಅನುದಾನವೂ ಇಲ್ಲದೆ, ಯಾವ ಸಂಪನ್ಮೂಲ ವ್ಯಕ್ತಿಯೂ ಇಲ್ಲದೆ ನಡೆಯುವ ಸಮುದಾಯ ಕಲೆ ಇದು. ಇನ್ನು ಹದಿಹರೆಯದವರು ಗಣೇಶನನ್ನು ಕೂರಿಸುವ ಬಗೆ ನೋಡಿ. ವಂತಿಗೆ ಎತ್ತುತ್ತಾರೆ, ಪೊಲೀಸ್ ಠಾಣೆಗೆ ಹೋಗಿ ಅನುಮತಿ ತರುತ್ತಾರೆ, ಶಾಮಿಯಾನದವನ ಜೊತೆ ಚೌಕಾಸಿ ಮಾಡುತ್ತಾರೆ, ಕೊನೆಗೆ ಖರ್ಚಿನ ಪಟ್ಟಿ ಬರೆದು ಓಣಿಯ ಗೋಡೆಗೆ ಅಂಟಿಸುತ್ತಾರೆ.

ಈ ಆಟಗಳನ್ನು ನಾನು ಹೊಗಳಿ ಬಿಡುವಂತಿಲ್ಲ. ಗುಳ್ಳವ್ವ ಹುಡುಗಿಯರದು, ಹೋಳಿಯ ಕಾಮಣ್ಣ ಹುಡುಗರದು. ಹಲಗೆ ಬಡಿಯುವ ಕೈ ಯಾವ ಕೇರಿಯದು ಎಂಬುದು ಮೊದಲೇ ಗೊತ್ತಿರುತ್ತದೆ. ಗಣೇಶನ ಪೆಂಡಾಲಿನಲ್ಲಿ ಗಾಲಿಕುರ್ಚಿಯ ಹುಡುಗನನ್ನು ನಾನು ಕಂಡಿಲ್ಲ. ಯೋಜಿಸುವ ಶಕ್ತಿ ಮಕ್ಕಳಲ್ಲಿ ಇದೆ, ಎಲ್ಲರನ್ನೂ ಒಳಗೊಳ್ಳುವ ಅಭ್ಯಾಸ ಊರಿನಲ್ಲಿ ಇಲ್ಲ. ದೊಡ್ಡವರ ಕೆಲಸ ಇರುವುದು ಇಲ್ಲಿಯೇ. ಸಭೆಗೆ ಯಾವ ಕೇರಿಯಿಂದ, ಯಾವ ತಾಂಡಾದಿಂದ, ಯಾವ ಮನೆಯಿಂದ ಮಕ್ಕಳು ಬಂದಿಲ್ಲ ಎಂದು ನೋಡುವುದು, ಅವರನ್ನು ಹುಡುಕಿ ಕರೆತರುವುದು, ಜೋರು ಬಾಯಿಯವರ ನಡುವೆ ಮೆತ್ತಗಿನವರ ಮಾತು ಕೇಳುವಂತೆ ನೋಡಿಕೊಳ್ಳುವುದು. ನಾಟಕ ಆರಿಸುವುದಕ್ಕಿಂತ ಇದು ಎಷ್ಟೋ ಕಷ್ಟದ ಕೆಲಸ.

ಮಕ್ಕಳ ಮಾತಿಗೆ ಊರಿನ ಆಡಳಿತವೇ ಕಿವಿಗೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ 1990ರಲ್ಲಿ ಇಲ್ಲಿ ಹುಟ್ಟಿತು. ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ಮಕ್ಕಳೇ ಊರಿನ ಸಮೀಕ್ಷೆ ಮಾಡಿ, ನಕ್ಷೆ ಬರೆದು, ತಮಗೆ ಏನು ಬೇಕು ಎಂದು ಪಂಚಾಯಿತಿಯ ಮುಂದಿಟ್ಟರು. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯಬೇಕೆಂಬ ವ್ಯವಸ್ಥೆ ಇರುವುದರ ಹಿಂದೆ ಇಂಥ ದುಡಿಮೆ ಇದೆ. ಶೌಚಾಲಯ, ಕಾಂಪೌಂಡು, ಬಸ್ಸಿನ ವೇಳೆ, ಮದ್ಯದ ಅಂಗಡಿ ಇವುಗಳ ಬಗ್ಗೆ ಮಕ್ಕಳು ಎದ್ದುನಿಂತು ಕೇಳಬಹುದು, ಉತ್ತರ ನಡಾವಳಿಯಲ್ಲಿ ದಾಖಲಾಗಬೇಕು ಎಂದು ನಾವು ಒಪ್ಪಿದ್ದೇವೆ. ಚರಂಡಿಯ ಬಗ್ಗೆ ಅಭಿಪ್ರಾಯ ಹೇಳಬಲ್ಲ ಮಗು ತಾನು ಆಡುವ ನಾಟಕದ ಬಗ್ಗೆ ಹೇಳಲಾರದೇ? ಆದರೆ ಎಷ್ಟೋ ಕಡೆ ಈ ಗ್ರಾಮ ಸಭೆಯೂ ಕಾರ್ಯಕ್ರಮವಾಗಿ ಹೋಗಿದೆ. ಸ್ವಾಗತಗೀತೆ ಮಕ್ಕಳದು, ಭಾಷಣ ಗಣ್ಯರದು, ಕೊನೆಯ ಹತ್ತು ನಿಮಿಷ ಪ್ರಶ್ನೆಗೆ. ಮಕ್ಕಳಿಗೆ ಸಿಗುವುದು ಅಲಂಕಾರದ ಜಾಗ.

ಅಲಂಕಾರ ಎಂಬ ಮಾತು ನನ್ನದಲ್ಲ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪುಸ್ತಿಕೆಯಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದರು. ಅದರ ಕೆಳಗಿನ ಮೂರು ಮೆಟ್ಟಿಲುಗಳೆಂದರೆ ಮಕ್ಕಳನ್ನು ನಮ್ಮ ಉದ್ದೇಶಕ್ಕೆ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ತೋರಿಕೆಗೆ ಮಾತಾಡಿಸುವುದು. ಇವು ಭಾಗವಹಿಸುವಿಕೆಯೇ ಅಲ್ಲ ಎಂದರು ಅವರು. ಅದೇ 1992ರ ಡಿಸೆಂಬರಿನಲ್ಲಿ ಭಾರತ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದರ 31ನೆಯ ವಿಧಿ ಆಟ, ಬಿಡುವು, ಸಾಂಸ್ಕೃತಿಕ ಬದುಕು, ಕಲೆ ಇವುಗಳನ್ನು ಮಗುವಿನ ಹಕ್ಕು ಎನ್ನುತ್ತದೆ. 12ನೆಯ ವಿಧಿ ತನಗೆ ಸಂಬಂಧಿಸಿದ ಸಂಗತಿಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿದವರು ಮಕ್ಕಳಿಲ್ಲದ ಸಭೆಯಲ್ಲಿ ಮಕ್ಕಳ ಶಿಬಿರ ನಿರ್ಧರಿಸಲಾರರು. ಒಪ್ಪಿ ಮೂರು ದಶಕ ದಾಟಿದರೂ ಒಟ್ಟಿಗೆ ಓದುವ ಕೆಲಸ ಆಗಿಲ್ಲ.

ಸ್ಪರ್ಧೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿಭಾ ಕಾರಂಜಿ ಎಷ್ಟೋ ಹಳ್ಳಿಯ ಮಕ್ಕಳಿಗೆ ಮೊದಲ ಮೈಕು ಕೊಟ್ಟಿದೆ, ಅದಕ್ಕೆ ಋಣಿಯಾಗಿರಬೇಕು. ಆದರೆ ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಜರಡಿ ಹಿಡಿಯುತ್ತ ಹೋಗುವ ವ್ಯವಸ್ಥೆ ಪ್ರತಿ ಹಂತದಲ್ಲೂ ಬಹುಪಾಲು ಮಕ್ಕಳನ್ನು ಪ್ರೇಕ್ಷಕರ ಸಾಲಿಗೆ ಕಳಿಸುತ್ತದೆ. ಛದ್ಮವೇಷಕ್ಕೆ ಬಾಡಿಗೆ ಬಟ್ಟೆ ತರಬಲ್ಲ ಮನೆಯ ಮಗುವಿಗೂ ತರಲಾರದ ಮನೆಯ ಮಗುವಿಗೂ ಒಂದೇ ಅಂಕಪಟ್ಟಿ. ಪ್ರತಿಭೆ ಹುಡುಕುವುದಕ್ಕೆ ಸ್ಪರ್ಧೆ ಇರಲಿ, ಅದನ್ನು ಎಲ್ಲ ಮಕ್ಕಳ ಕಲೆ ಎಂದು ಕರೆಯುವುದು ಬೇಡ.

ಅಂಗವಿಕಲ ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ನಂಬಿಕೆಯ ಸುಳ್ಳು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅವರಿಗೆ ಡಿಸೆಂಬರ್ 3 ಎಂಬ ಒಂದು ದಿನ ಕೊಟ್ಟಿದ್ದೇವೆ. ಆ ದಿನ ಪ್ರತ್ಯೇಕ ವೇದಿಕೆ, ಪ್ರತ್ಯೇಕ ಹಾಡು, ಶಾಲು, ಹಣ್ಣು. ಉಳಿದ ದಿನಗಳಲ್ಲಿ ‘ಅವರಿಗೆ ತಜ್ಞರು ಬೇಕು, ನಮ್ಮಿಂದ ಆಗುವುದಿಲ್ಲ’ ಎನ್ನುತ್ತೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಎಲ್ಲರಂತೆ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಅವರ ಹಕ್ಕಿಗಾಗಿ ಅದರ 29ನೆಯ ಸೆಕ್ಷನ್ ಇದೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗುವಿದೆ, ಅದಕ್ಕೆ ಏನು ಕಷ್ಟ ಎಂಬುದು ಅವರಿಗೆ ಗೊತ್ತಿರುತ್ತದೆ. ಹದಿನೇಳು ವರ್ಷಗಳಲ್ಲಿ ನಾವು ಅವರನ್ನು ಒಂದು ಸಲವೂ ಕರೆದಿರಲಿಲ್ಲ.

ಕರೆದ ವರ್ಷ ಬಂದ ಮಕ್ಕಳಲ್ಲಿ ಇಬ್ಬರ ವಿಷಯ ಹೇಳುತ್ತೇನೆ. ಒಬ್ಬಳಿಗೆ ಪೂರ್ತಿ ಕಣ್ಣು ಕಾಣದು. ಅವಳು ರಂಗದ ಮೇಲೆ ಬರುವಾಗ ಯಾರಾದರೂ ಕೈಹಿಡಿದು ಕರೆತರಬೇಕು ಎಂದು ನಾವು ದೊಡ್ಡವರು ಮಾತಾಡಿಕೊಂಡಿದ್ದೆವು. ಮಕ್ಕಳ ಸಭೆಯಲ್ಲಿ ಅವಳನ್ನೇ ಕೇಳಿದಾಗ, “ಕೈ ಹಿಡೀಬೇಡಿ. ಅಂಚಿಗೆ ಒಂದು ಹಗ್ಗ ಹಾಕಿ, ಕಾಲಿಗೆ ಸಿಕ್ಕಿದ್ರೆ ನಂಗೆ ಗೊತ್ತಾಗತ್ತೆ” ಎಂದಳು. ತೆಂಗಿನ ನಾರಿನ ದಪ್ಪ ಹಗ್ಗವನ್ನು ವೇದಿಕೆಯ ಅಂಚಿನಿಂದ ಎರಡು ಅಡಿ ಒಳಗೆ ಹಾಸಿ ಮೊಳೆ ಹೊಡೆದೆವು. ನಡುವಿಗೆ ಇನ್ನೊಂದು ತುಂಡು. ಅವಳು ಒಬ್ಬಳೇ ಬಂದಳು, ಒಬ್ಬಳೇ ತಿರುಗಿದಳು, ಓಡಿದಳು. ತಜ್ಞರ ಸಲಹೆ ಬೇಕಾದ ಕಡೆ ಅದನ್ನು ಪಡೆಯಲೇಬೇಕು. ಆದರೆ ಆ ಹಗ್ಗದ ವಿಷಯದಲ್ಲಿ ತಜ್ಞೆ ಅವಳೇ.

ಇನ್ನೊಬ್ಬ ಹುಡುಗನಿಗೆ ಜೋರು ಸದ್ದು ಸಹಿಸಲಾಗದು. ಧ್ವನಿವರ್ಧಕ ಕೂಗಿದರೆ ಕಿವಿ ಮುಚ್ಚಿ ಮೂಲೆಗೆ ಓಡುತ್ತಿದ್ದ. ಅವನಿಗೆ ಬೇರೆ ಕೋಣೆಯಲ್ಲಿ ಚಿತ್ರ ಬರೆಯಲು ಕೊಡೋಣ ಎಂದು ನಾನೇ ಸೂಚಿಸಿದ್ದೆ. ಮಕ್ಕಳು ಒಪ್ಪಲಿಲ್ಲ. ಮೈಕೇ ಬೇಡ ಎಂದು ತೀರ್ಮಾನ ಮಾಡಿದರು. ಸಮಾರೋಪಕ್ಕೆ ಮುನ್ನೂರು ಜನ ಬರುವಾಗ ಮೈಕಿಲ್ಲದೆ ಹೇಗೆ ಎಂದು ನಾವು ರೇಗಿದೆವು. ಕುರ್ಚಿ ತೆಗೆದು ಜಮಖಾನ ಹಾಸಿ, ಜನರನ್ನು ಮೂರು ಕಡೆಯಿಂದ ಹತ್ತಿರ ಕೂರಿಸಿದರೆ ಕೇಳುತ್ತದೆ ಎಂದರು ಅವರು. ಹಾಗೆಯೇ ಮಾಡಿದೆವು. ನಮ್ಮ ಬಯಲಾಟದ ಹಿರಿಯರು ಮೈಕು ಬರುವ ಮೊದಲು ಹಾಗೆಯೇ ಆಡುತ್ತಿದ್ದರು ಎಂಬುದು ನನಗೆ ಆಮೇಲೆ ನೆನಪಾಯಿತು. ಆ ಸಂಜೆ ಮಕ್ಕಳ ಸಹಜ ದನಿ ಕೇಳಿದ ಹಾಗೆ ನಾನು ಬೇರೆ ಯಾವ ವರ್ಷವೂ ಕೇಳಿಲ್ಲ. ಒಬ್ಬನಿಗಾಗಿ ಮಾಡಿದ ಬದಲಾವಣೆ ಎಲ್ಲರ ನಾಟಕವನ್ನು ಚೆಂದ ಮಾಡಿತು. ‘ಎಲ್ಲರನ್ನೂ ಸೇರಿಸಿಕೊಂಡರೆ ಗುಣಮಟ್ಟ ಕೆಡುತ್ತದೆ’ ಎಂಬ ವಾದಕ್ಕೆ ನನ್ನ ಉತ್ತರ ಆ ಸಂಜೆ. ಗುಣಮಟ್ಟ ಎಂದರೆ ಸಾಲು ತಪ್ಪದ ನೃತ್ಯ, ಮರೆಯದ ಮಾತು, ಒಂದೇ ಬಣ್ಣದ ಬಟ್ಟೆ ಎಂದು ತಿಳಿದಿರುವವರಿಗೆ ಆ ಉತ್ತರ ಸಾಲದು. ಅವರು ಮಕ್ಕಳಿಂದ ಮೆರವಣಿಗೆ ಬಯಸುತ್ತಿದ್ದಾರೆ, ನಾಟಕವನ್ನಲ್ಲ.

‘ಮಕ್ಕಳಿಗೆ ಬಿಟ್ಟರೆ ಬರೀ ಸಿನಿಮಾ ಹಾಡಿಗೆ ಕುಣಿಯುತ್ತಾರೆ’ ಎಂಬುದು ಎಲ್ಲ ಸಭೆಯಲ್ಲೂ ಏಳುವ ಆಕ್ಷೇಪ. ನಿಜ, ಮೊದಲ ಸಭೆಯಲ್ಲಿ ಅದನ್ನೇ ಕೇಳಿದರು. ಆದರೆ ಮಗು ತಾನು ಕಂಡದ್ದನ್ನು ಕೇಳುತ್ತದೆ. ಮೊಬೈಲಿನಲ್ಲಿ ಸಿನಿಮಾ ಹಾಡು ಕಂಡಿದೆ, ತೊಗಲುಗೊಂಬೆ ಕಂಡಿಲ್ಲ. ಕಾಣದ್ದನ್ನು ಬೇಡ ಎಂದಿತು ಎಂದು ದೂರುವುದು ನ್ಯಾಯವಲ್ಲ. ನಾವು ಫೆಬ್ರವರಿಯ ಎರಡು ಭಾನುವಾರ ಮಕ್ಕಳಿಗೆ ಬೇರೆ ಬೇರೆ ಕಲೆಗಳನ್ನು ತೋರಿಸಿದೆವು. ಕಂಸಾಳೆಯವರು ಬಂದರು, ಗೊಂಬೆಯಾಟದವರು ಬಂದರು, ಊರಿನ ಟೈಲರ್ ಅಂಗಡಿಯವರು ಚೂರು ಬಟ್ಟೆಯಿಂದ ಮುಖವಾಡ ಹೊಲಿದು ತೋರಿಸಿದರು. ಆಮೇಲೆ ಆರಿಸಿ ಎಂದೆವು. ಗೊಂಬೆಯಾಟಕ್ಕೆ ಹೆಚ್ಚು ಕೈ ಎದ್ದವು. ಸಿನಿಮಾ ಹಾಡಿನ ಕುಣಿತವನ್ನೂ ಉಳಿಸಿಕೊಂಡರು, ಗೊಂಬೆಗಳಿಂದ ಅದನ್ನು ಕುಣಿಸಿದರು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ದೊಡ್ಡವರ ಅಭಿರುಚಿಯನ್ನು ಮಕ್ಕಳ ಮೇಲೆ ಹೇರದೆ ಅವರ ಕಣ್ಣಿನ ಹರಹನ್ನು ಹೆಚ್ಚಿಸುವುದು ಸಾಧ್ಯವಿದೆ. ಅದಕ್ಕೆ ಎರಡು ಭಾನುವಾರ ಸಾಕು.

ಹದಿನಾಲ್ಕು ದಾಟಿದವರನ್ನು ನಾವು ಪೂರ್ತಿ ಕೈಬಿಟ್ಟಿದ್ದೇವೆ. ಬಹುಪಾಲು ಶಿಬಿರಗಳು ಹದಿನಾಲ್ಕಕ್ಕೆ ಬಾಗಿಲು ಹಾಕುತ್ತವೆ. ಮೀಸೆ ಮೂಡುವ ಹುಡುಗರಿಗೆ ಮೆರವಣಿಗೆಯ ಡಿಜೆ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಹುಡುಗಿಯರಿಗೆ ಅದೂ ಇಲ್ಲ. ಕಾಲೋನಿಯ ಆ ಹುಡುಗಿ, ಹಿಂದಿನ ಬಾಗಿಲ ಮಾತು ಹೇಳಿದವಳು, ನಾವು ಜಾಗ ಬದಲಿಸುವ ಹೊತ್ತಿಗೆ ಹದಿನೇಳಾಗಿದ್ದಳು. ಶಿಬಿರಾರ್ಥಿಯಾಗಲು ನಮ್ಮ ನಿಯಮದ ಪ್ರಕಾರ ವಯಸ್ಸು ಮೀರಿತ್ತು. ತಾನು ದಾರಿ ಮಾಡಿಕೊಟ್ಟ ಶಿಬಿರದಲ್ಲಿ ಅವಳು ಒಂದು ದಿನವೂ ಮಗುವಾಗಿ ಆಡಲಿಲ್ಲ. ಆ ನಷ್ಟ ತುಂಬಿಕೊಡಲು ನಮ್ಮಿಂದ ಆಗದು. ಅವಳಂಥವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ.

ಕೊನೆಗೆ ಹಣ, ಹೊಣೆ. ಮಕ್ಕಳ ಕೈಗೆ ಯೋಜನೆ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಅನಾಹುತವಾದರೆ ಯಾರು ಹೊಣೆ ಎನ್ನುತ್ತಾರೆ. ಹೊಣೆ ನಮ್ಮದೇ. ಮಕ್ಕಳ ಸುರಕ್ಷತೆ, ಶಿಬಿರಕ್ಕೆ ಬರುವ ದೊಡ್ಡವರ ನಡತೆಯ ಮೇಲೆ ಕಣ್ಣು, ಹುಡುಗಿಯರು ಮನೆ ಸೇರುವ ದಾರಿ ಇವು ಯಾವ ಮಗುವಿನ ಹೆಗಲಿಗೂ ಹೋಗಬಾರದು. ನಿರ್ಧಾರದಲ್ಲಿ ಪಾಲು ಕೊಡುವುದೆಂದರೆ ಹೊಣೆಯಿಂದ ಜಾರಿಕೊಳ್ಳುವುದಲ್ಲ. ಹಣದ ವಿಷಯದಲ್ಲಿ ಮಾತ್ರ ಮಕ್ಕಳು ನಮಗಿಂತ ಗಟ್ಟಿಗರು. ಬಜೆಟ್ಟನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಅವರು ಮೊದಲು ಹೊಡೆದುಹಾಕಿದ್ದು ಟೀ ಶರ್ಟನ್ನು, ಎರಡನೆಯದು ಹಾರ ಶಾಲುಗಳನ್ನು. ಉಳಿದ ದುಡ್ಡಿನಲ್ಲಿ ತಾಂಡಾದ ಮಕ್ಕಳಿಗೂ ಗಾಲಿಕುರ್ಚಿಯ ಒಬ್ಬ ಹುಡುಗನಿಗೂ ಆಟೋ ಗೊತ್ತು ಮಾಡಿದರು. ಆಟೋ ಇಲ್ಲದ ಹದಿನೇಳು ಶಿಬಿರಗಳ ಫೋಟೋಗಳಲ್ಲಿ ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ತೊಟ್ಟು ನಗುತ್ತಿದ್ದಾರೆ. ಆ ಫೋಟೋಗಳನ್ನು ನೋಡುವಾಗ ನನಗೀಗ ಬಾರದವರೇ ಕಾಣುತ್ತಾರೆ.

ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವನ್ನು ಅರಿವು ಕೇಂದ್ರ ಎಂದು ಕರೆಯುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಲಕ್ಷಗಟ್ಟಲೆ ಮಕ್ಕಳು ಅವುಗಳಿಗೆ ಉಚಿತ ಸದಸ್ಯರಾಗಿದ್ದಾರೆ. ಊರಿನ ಯಾವ ಜಾತಿಗೂ ಯಾವ ದೇವರಿಗೂ ಸೇರದ ಕೋಣೆ ಅದು. ಶಿಬಿರ ನಡೆಸುವ ಗೆಳೆಯರಲ್ಲಿ, ಶಿಕ್ಷಕರಲ್ಲಿ, ಯುವಕ ಸಂಘದವರಲ್ಲಿ ನನ್ನ ಕೋರಿಕೆ ಇಷ್ಟು. ಬರುವ ಜನವರಿಯಲ್ಲಿ ಸಭೆ ಕರೆಯುವ ಮೊದಲು ಒಂದು ವಾರ ಊರು ಸುತ್ತಿ. ನಿಮ್ಮ ಶಿಬಿರಕ್ಕೆ ಈವರೆಗೆ ಬಾರದ ಹತ್ತು ಮಕ್ಕಳನ್ನು ಹುಡುಕಿ. ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಸೇರೋಣ ಎಂದು ಅವರನ್ನೇ ಕೇಳಿ, ಅವರು ಹೇಳಿದ ಜಾಗಕ್ಕೆ ನೀವು ಹೋಗಿ.